ಗಲ್ಲು ಶಿಕ್ಷೆ ಬೇಕೇ, ಬೇಡವೇ? ವಕೀಲರನ್ನು ಕೇಳಿ

ಪ್ರಶ್ನೆ: ಎಲ್ಲಾದರೂ ಭೀಕರ ಕೊಲೆಯಾಯಿತು ಅಂದರೆ ಈ ಗ್ರೂಪಿನಲ್ಲಿ "ತಿಂಗಳೊಳಗೆ ನೇಣಿಗೆ ಹಾಕಿ" ಅಂತ ಮೆಸೇಜುಗಳ ಸುರಿಮಳೆ. ಆರೋಪಿಯೇ ಪೊಲೀಸರ ಮುಂದೆ ಒಪ್ಪಿಕೊಂಡಿರುತ್ತಾನೆ. ಆದರೂ ವರ್ಷಗಟ್ಟಲೆ ಯಾಕೆ ಎಳೀತಾರೆ ಸರ್? ನೀವು ಗಲ್ಲಿನ ಪರವೋ ವಿರುದ್ಧವೋ, ಅದನ್ನೂ ಹೇಳಿಬಿಡಿ.

ಉತ್ತರ (ಕ್ರಿಮಿನಲ್ ವಕೀಲರು): ವಿರುದ್ಧ. ಕೊಲೆಗಾರನ ಮೇಲಿನ ಕನಿಕರಕ್ಕಲ್ಲ. ಯಾರಿಗೆ ಗಲ್ಲು, ಯಾರಿಗೆ ಜೀವಾವಧಿ ಅಂತ ನಮ್ಮಲ್ಲಿ ತೀರ್ಮಾನವಾಗುವ ಬಗೆ ನೋಡಿದರೆ ಒಪ್ಪಲು ಆಗುವುದಿಲ್ಲ.

ಪೊಲೀಸರ ಮುಂದೆ ಒಪ್ಪಿಕೊಂಡದ್ದನ್ನು ಕೋರ್ಟಿನಲ್ಲಿ ಆರೋಪಿಯ ವಿರುದ್ಧ ಬಳಸುವಂತಿಲ್ಲ. ಟಿವಿಯಲ್ಲಿ ಅದು ದೊಡ್ಡ ಸುದ್ದಿ, ಅಷ್ಟೇ. ಇನ್ನು ತಡದ ವಿಷಯ. ಸೆಷನ್ಸ್ ಕೋರ್ಟ್ ಗಲ್ಲು ವಿಧಿಸಿದರೂ ಹೈಕೋರ್ಟ್ ದೃಢೀಕರಿಸದೆ ಅದನ್ನು ಜಾರಿ ಮಾಡುವ ಹಾಗಿಲ್ಲ. ಅಪರಾಧಿ ಮೇಲ್ಮನವಿ ಹಾಕದಿದ್ದರೂ ಸೆಷನ್ಸ್ ನ್ಯಾಯಾಧೀಶರೇ ಕಡತವನ್ನು ಹೈಕೋರ್ಟಿಗೆ ಕಳಿಸಬೇಕು (ಕ್ರಿಮಿನಲ್ ಕೇಸು ನಡೆಸುವ ಕ್ರಮದ ಕಾನೂನಿನ ಕಲಂ: ಹಿಂದೆ ಸಿಆರ್‌ಪಿಸಿ 366, ಈಗ ಬಿಎನ್‌ಎಸ್‌ಎಸ್ 407). ಅಲ್ಲಿ ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳು ಇಡೀ ಸಾಕ್ಷ್ಯವನ್ನು ಹೊಸದಾಗಿ ತೂಗುತ್ತಾರೆ. ಆಮೇಲೆ ಸುಪ್ರೀಂ ಕೋರ್ಟ್, ಮರುಪರಿಶೀಲನಾ ಅರ್ಜಿ, ಕ್ಯುರೇಟಿವ್ ಅರ್ಜಿ (ಸುಪ್ರೀಂ ಕೋರ್ಟಿಗೇ ಹಾಕುವ ಕೊನೆಯ ಅರ್ಜಿ), ಕ್ಷಮಾದಾನಕ್ಕೆ ರಾಜ್ಯಪಾಲರು, ರಾಷ್ಟ್ರಪತಿ. ಮರುಪರಿಶೀಲನೆಯನ್ನೂ ತೆರೆದ ಕೋರ್ಟಿನಲ್ಲಿ ವಾದ ಕೇಳಿಯೇ ತೀರ್ಮಾನಿಸಬೇಕು ಅಂತ 2014ರಲ್ಲಿ ಸಂವಿಧಾನ ಪೀಠ ಹೇಳಿದೆ. ಈ ಮೆಟ್ಟಿಲುಗಳು ದಂಡಕ್ಕೆ ಅಂದುಕೊಳ್ಳುವವರು ಒಂದು ಕೇಸು ನೋಡಿ.

ಮಹಾರಾಷ್ಟ್ರದ ಅಂಕುಶ್ ಮಾರುತಿ ಶಿಂಧೆ ಕೊಲೆ ಪ್ರಕರಣ. ಆರು ಜನ ಆರೋಪಿಗಳು. ಹೈಕೋರ್ಟ್ ಮೂವರಿಗೆ ಗಲ್ಲು ಉಳಿಸಿ ಮೂವರಿಗೆ ಜೀವಾವಧಿ ಮಾಡಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ಆರೂ ಜನಕ್ಕೆ ಗಲ್ಲು ಅಂದಿತು. 2019ರಲ್ಲಿ ಅದೇ ಕೋರ್ಟು, ಮರುಪರಿಶೀಲನೆಯಲ್ಲಿ, ಆರೂ ಜನರನ್ನು ನಿರ್ದೋಷಿಗಳೆಂದು ಬಿಟ್ಟು ತಲಾ 5 ಲಕ್ಷ ಪರಿಹಾರ ಕೊಡಿಸಿತು. ಬದುಕುಳಿದ ಸಾಕ್ಷಿ ಪೊಲೀಸರ ಫೋಟೋ ಆಲ್ಬಮ್ಮಿನಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದರು, ಆ ಕಡೆ ತನಿಖೆಯೇ ಆಗಿರಲಿಲ್ಲ. "ತಿಂಗಳೊಳಗೆ" ಅನ್ನುವವರ ಮಾತು ನಡೆದಿದ್ದರೆ ಪರಿಹಾರದ ಚೆಕ್ಕನ್ನು ಯಾರ ಕೈಗೆ ಕೊಡುತ್ತಿದ್ದೆವು?

ಪ್ರಶ್ನೆ: ತನಿಖೆ ಕೆಟ್ಟರೆ ಅದು ಪೊಲೀಸರ ತಪ್ಪು, ಶಿಕ್ಷೆಯ ತಪ್ಪಲ್ಲವಲ್ಲ. "ಅಪರೂಪದಲ್ಲಿ ಅಪರೂಪ" ಅನ್ನೋ ಅಳತೆ ಇದ್ದೇ ಇದೆ.

ಉತ್ತರ: ಅಳತೆ ಇದೆ, ಆದರೆ ಅಳೆಯುವ ಕೈ ಬದಲಾದ ಹಾಗೆ ಉದ್ದವೂ ಬದಲಾಗುತ್ತದೆ. ಆ ಅಳತೆ ಹಾಕಿಕೊಟ್ಟ ಸುಪ್ರೀಂ ಕೋರ್ಟಿನ 1980ರ ಬಚ್ಚನ್ ಸಿಂಗ್ ತೀರ್ಪು ಗಲ್ಲನ್ನು ಎತ್ತಿಹಿಡಿಯಿತು ನಿಜ, ಆದರೆ ಷರತ್ತು ಬಿಗಿ. ಅಪರಾಧವನ್ನಷ್ಟೇ ಅಲ್ಲ, ಅಪರಾಧಿಯನ್ನೂ ನೋಡಬೇಕು. ಜೀವಾವಧಿ ಕೊಡಲು ಸಾಧ್ಯವೇ ಇಲ್ಲ ಅನ್ನುವಾಗ ಮಾತ್ರ ಗಲ್ಲು. 1983ರ ಮಚ್ಚಿ ಸಿಂಗ್ ತೀರ್ಪು ಐದು ವರ್ಗ ಮಾಡಿತು: ಕೊಂದ ರೀತಿ, ಉದ್ದೇಶ, ಸಮಾಜದ ಮೇಲಿನ ಪರಿಣಾಮ, ಸತ್ತವರ ಸಂಖ್ಯೆ, ಸತ್ತವರು ಯಾರು. ಐದೂ ಅಪರಾಧದ ಕುರಿತೇ, ಅಪರಾಧಿಯ ಮಾತಿಲ್ಲ. ಅಲ್ಲಿಂದಾಚೆ ಎಷ್ಟೋ ತೀರ್ಪುಗಳಲ್ಲಿ ಕ್ರೌರ್ಯದ ವರ್ಣನೆ ಪುಟಗಟ್ಟಲೆ, ಆ ಮನುಷ್ಯನ ಬಗ್ಗೆ ಎರಡು ಸಾಲು. ಹಾಗೆ ಅಪರಾಧಿಯನ್ನು ಬಿಟ್ಟು ಅಪರಾಧವನ್ನೇ ನೋಡಿದ ಕೆಲವು ಹಳೆಯ ತೀರ್ಪುಗಳು ಬಚ್ಚನ್ ಸಿಂಗ್‌ಗೆ ವಿರುದ್ಧವಾಗಿವೆ ಅಂತ ಸುಪ್ರೀಂ ಕೋರ್ಟೇ 2009ರ ಬರಿಯಾರ್ ಪ್ರಕರಣದಲ್ಲಿ ಹೇಳಿತು.

ಹರ್‌ಬನ್ಸ್ ಸಿಂಗ್ ಪ್ರಕರಣವಂತೂ ಇನ್ನೂ ಕಟು. ಒಂದೇ ಅಪರಾಧ, ಮೂವರಿಗೂ ಗಲ್ಲು. ಮೂವರ ಅರ್ಜಿಗಳು ಬೇರೆ ಬೇರೆ ಪೀಠದ ಮುಂದೆ ಹೋದವು. ಕಶ್ಮೀರಾ ಸಿಂಗ್‌ಗೆ ಜೀವಾವಧಿಗೆ ಇಳಿಯಿತು. ಜೀತಾ ಸಿಂಗ್‌ನ ಅರ್ಜಿ ವಜಾ ಆಗಿ 1981ರ ಅಕ್ಟೋಬರ್ 6ರಂದು ಗಲ್ಲಾಯಿತು. ಹರ್‌ಬನ್ಸ್ ಸಿಂಗ್ ಕೊನೇ ಗಳಿಗೆಯಲ್ಲಿ ಕೋರ್ಟಿಗೆ ಹೋದದ್ದರಿಂದ ಉಳಿದ. ಇಲ್ಲಿ ಪೊಲೀಸರ ತಪ್ಪು ಯಾವುದು, ಹೇಳಿ.

ಪ್ರಶ್ನೆ: ಜೀವಾವಧಿ ಅಂದ್ರೆ 14 ವರ್ಷ ಅಲ್ವಾ ಸರ್? ಆಮೇಲೆ ಸನ್ನಡತೆ ಅಂತ ಬಿಟ್ಟುಬಿಡ್ತಾರೆ. ಅದಕ್ಕೇ ಜನ ಗಲ್ಲು ಕೇಳೋದು.

ಉತ್ತರ: ಅಲ್ಲ. ಜೀವಾವಧಿ ಅಂದರೆ ಉಸಿರಿರುವ ತನಕ. ಕೊಲೆಯಂಥ, ಮರಣದಂಡನೆಗೂ ಅವಕಾಶವಿರುವ ಅಪರಾಧದಲ್ಲಿ 14 ವರ್ಷ ತುಂಬುವ ಮುಂಚೆ ಸರ್ಕಾರವೂ ಮಾಫಿ ಕೊಟ್ಟು ಬಿಡುವಂತಿಲ್ಲ, ಆ ಸಂಖ್ಯೆ ಬಂದದ್ದು ಅಲ್ಲಿಂದ. 14 ತುಂಬಿದ ಕೂಡಲೇ ಬಿಡುಗಡೆ ಹಕ್ಕಾಗುವುದಿಲ್ಲ.

ಗಲ್ಲಿಗೂ 14ಕ್ಕೂ ನಡುವೆ ಇನ್ನೊಂದು ಶಿಕ್ಷೆ ಇದೆ, ಅದು ಹುಟ್ಟಿದ್ದು ನಮ್ಮ ಬೆಂಗಳೂರಿನ ಕೇಸಿನಿಂದಲೇ. ಹೆಂಡತಿಯನ್ನು ಕೊಂದ ಸ್ವಾಮಿ ಶ್ರದ್ಧಾನಂದನ ಪ್ರಕರಣದಲ್ಲಿ ತಪ್ಪಿನ ಬಗ್ಗೆ ಒಮ್ಮತವಿದ್ದರೂ ಶಿಕ್ಷೆಯ ಬಗ್ಗೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಗೆ ಭಿನ್ನಾಭಿಪ್ರಾಯ ಬಂತು. 2008ರಲ್ಲಿ ಮೂವರ ಪೀಠ ಗಲ್ಲು ತೆಗೆದು, ಸಾಯುವ ತನಕ ಮಾಫಿ ಇಲ್ಲದ ಜೀವಾವಧಿ ಕೊಟ್ಟಿತು. ಸುಪ್ರೀಂ ಕೋರ್ಟಿನ 2015ರ ಶ್ರೀಹರನ್ ತೀರ್ಪು ಇದನ್ನು ಒಪ್ಪಿ, ಇಂಥ ಶಿಕ್ಷೆ ಕೊಡುವ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ ಅಂದಿತು. ತೊಡಕೂ ಅಲ್ಲೇ ಇದೆ: ಸೆಷನ್ಸ್ ನ್ಯಾಯಾಧೀಶರ ಕೈಯಲ್ಲಿ ಈ ಮಧ್ಯದ ದಾರಿ ಇಲ್ಲ.

ಪ್ರಶ್ನೆ: ಹೆದರಿಕೆಯಾದರೂ ಇರುತ್ತಲ್ಲ?

ಉತ್ತರ: ಜೀವಾವಧಿಗಿಂತ ಗಲ್ಲು ಹೆಚ್ಚು ಹೆದರಿಸುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಎಲ್ಲೂ ಸಿಕ್ಕಿಲ್ಲ. 1967ರಲ್ಲಿ ಗಲ್ಲು ಇರಲಿ ಅಂದಿದ್ದ ಕಾನೂನು ಆಯೋಗವೇ 2015ರ 262ನೇ ವರದಿಯಲ್ಲಿ ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಬಿಟ್ಟು ಉಳಿದದ್ದಕ್ಕೆ ತೆಗೆಯಿರಿ ಅಂದಿತು. 2004ರಿಂದ 2020ರವರೆಗೆ ದೇಶದಲ್ಲಿ ಗಲ್ಲಿಗೇರಿದವರು ಎಂಟೇ ಜನ. ಕೊಲೆ ಮಾಡುವವನು ಲೆಕ್ಕ ಹಾಕುವವನಾಗಿದ್ದರೆ ಹಾಕುವುದು ಸಿಕ್ಕಿಬೀಳುತ್ತೇನೋ ಇಲ್ಲವೋ ಅನ್ನುವ ಲೆಕ್ಕ.

ಪ್ರಶ್ನೆ: ಸತ್ತವರ ಮನೆಯವರು? ಅವರಿಗೇನು ಹೇಳ್ತೀರಿ ಸರ್?

ಉತ್ತರ: ಗಲ್ಲೇ ಬೇಕು ಅಂತ ಅವರು ಕೇಳಿದರೆ ತಪ್ಪು ಅನ್ನುವ ಹಕ್ಕು ನನಗಿಲ್ಲ. ಆದರೆ ಗಲ್ಲು ಅಂದ ಕೂಡಲೇ ಕೇಸು ಎಲ್ಲ ಮೆಟ್ಟಿಲನ್ನೂ ಹತ್ತಬೇಕು, ಅವರೂ ಜೊತೆಗೆ ಹತ್ತಬೇಕು. ಉಮೇಶ್ ರೆಡ್ಡಿ ಪ್ರಕರಣ ನೆನಪಿರಬೇಕು: ಕೊಲೆ 1998, ಬೆಂಗಳೂರಿನ ಕೋರ್ಟು ಗಲ್ಲು ವಿಧಿಸಿದ್ದು 2006, ರಾಷ್ಟ್ರಪತಿ ಕ್ಷಮಾದಾನ ತಿರಸ್ಕರಿಸಿದ್ದು 2013. ಕೊನೆಗೆ 2022ರಲ್ಲಿ ಗಲ್ಲು ರದ್ದಾಗಿ ಕನಿಷ್ಠ 30 ವರ್ಷದ ಜೀವಾವಧಿ ಆಯಿತು. ಕಾರಣ ಬೆಳಗಾವಿಯ ಹಿಂಡಲಗಾ ಜೈಲಿನ ಏಕಾಂತ ಸೆರೆ. ಮೇಲ್ಮನವಿ, ಕ್ಷಮಾದಾನದ ದಾರಿಗಳೆಲ್ಲ ಮುಗಿಯುವ ತನಕ ಯಾರನ್ನೂ ಗಲ್ಲಿನ ಕೈದಿ ಅಂತ ಬೇರೆ ಇಡಬಾರದು ಅಂತ 1978ರ ಸುನಿಲ್ ಬಾತ್ರಾ ತೀರ್ಪಿನಲ್ಲೇ ಇದೆ. ಸೆಷನ್ಸ್ ತೀರ್ಪು ಬಂದ ಕೂಡಲೇ ಕೈದಿಯನ್ನು ಒಂಟಿ ಕೋಣೆಗೆ ಹಾಕಿದರೆ ಮುಂದೆ ಗಲ್ಲೇ ಬಿದ್ದುಹೋಗುತ್ತದೆ, ಮನೆಯವರು ಕಾದದ್ದೆಲ್ಲ ನೀರುಪಾಲು.

ಪ್ರಶ್ನೆ (ಕಿರಿಯ ವಕೀಲೆ): ಸರ್, ಕಾನೂನು ಸೇವಾ ಪ್ರಾಧಿಕಾರದಿಂದ ಒಂದು ಕೊಲೆ ಕೇಸು ಬಂದಿದೆ. ದೋಷಿ ಅಂತ ತೀರ್ಪು ಬಂದರೆ ಅದೇ ದಿನ ಶಿಕ್ಷೆಯ ಮೇಲೆ ವಾದ ಮಾಡಿ ಅಂತಾರಂತೆ. ಏನು ಮಾಡಬೇಕು?

ಉತ್ತರ: ಅದೇ ದಿನ ವಾದ ಮಾಡಬೇಡಿ ಅಮ್ಮಾ. "ಬಡವ, ಹೆಂಡತಿ ಮಕ್ಕಳಿದ್ದಾರೆ, ಕರುಣೆ ತೋರಿ" ಅಂತ ಒಂದು ಸಾಲು ಹೇಳಿ ಕೂತರೆ ಅದೇ ದಾಖಲೆಯಾಗಿ ಮೇಲಿನ ಕೋರ್ಟಿನವರೆಗೂ ಹೋಗುತ್ತದೆ. ಬಿಎನ್‌ಎಸ್‌ಎಸ್ 258(2)ರಡಿ ಶಿಕ್ಷೆಯ ಬಗ್ಗೆ ಬೇರೆಯಾಗಿ ಕೇಳಬೇಕು ಅಂತ ಮೆಮೊ ಹಾಕಿ, ದಿನಾಂಕ ಕೇಳಿ. 1989ರ ಅಲ್ಲಾವುದ್ದೀನ್ ಮಿಯಾನ್ ಮತ್ತು 2022ರ ಮನೋಜ್ ತೀರ್ಪುಗಳ ಪ್ರತಿ ಜೊತೆಗಿರಲಿ. ಮನೋಜ್ ತೀರ್ಪಿನ ಪ್ರಕಾರ ಆರೋಪಿಯ ಮನೋವೈದ್ಯಕೀಯ ವರದಿ, ಕುಟುಂಬ, ಓದು, ಆದಾಯದ ವಿವರಗಳನ್ನು ಸರ್ಕಾರವೇ ವಿಚಾರಣಾ ಹಂತದಲ್ಲಿ ಕೊಡಬೇಕು. ಜೈಲಿನ ನಡತೆಯ ವರದಿಯನ್ನೂ ತರಿಸಬೇಕು.

ಸೇರ್ಪಡೆ (ಸಮಾಜಕಾರ್ಯಕರ್ತೆ): ಮೇಡಂ, ತೀರ್ಪಿನವರೆಗೆ ಕಾಯಬೇಡಿ, ಈಗಲೇ ಶುರು ಮಾಡಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ದಿನ ನೋಡಿ. ಘಟನೆಯ ದಿನ 18 ತುಂಬಿರಲಿಲ್ಲ ಅಂತಾದರೆ ಗಲ್ಲಿನ ಮಾತೇ ಇಲ್ಲ, ಈ ತಕರಾರನ್ನು ಯಾವ ಹಂತದಲ್ಲೂ ಎತ್ತಬಹುದು. ತಲೆಗೆ ಪೆಟ್ಟು, ಮೂರ್ಛೆ, ಕುಡಿತದ ಚಿಕಿತ್ಸೆ ಇದ್ದರೆ ತಾಲ್ಲೂಕು ಆಸ್ಪತ್ರೆಯ ಹಳೇ ಚೀಟಿ ಸಹ ಬೇಕು. ತಾಯಿ, ಅಕ್ಕ, ಮೇಷ್ಟ್ರು, ಕೂಲಿಗೆ ಕರೆದವರು, ಎಲ್ಲರನ್ನೂ ಬೇರೆ ಬೇರೆಯಾಗಿ ಮಾತಾಡಿಸಿ. ಒಟ್ಟಿಗೆ ಕೂರಿಸಿದರೆ ಮನೆಯೊಳಗಿನ ಹೊಡೆತ ಬಡಿತದ ಮಾತು ಹೊರಗೆ ಬರುವುದೇ ಇಲ್ಲ. ಮನೋವೈದ್ಯರ ಪರೀಕ್ಷೆ ಬೇಗ ಆಗಬೇಕು; ಎಂಟು ವರ್ಷ ಜೈಲಿನಲ್ಲಿದ್ದ ಮೇಲೆ ಮಾಡಿಸಿದರೆ ಅದು ಹೇಳುವುದು ಜೈಲು ಏನು ಮಾಡಿತು ಅನ್ನುವುದನ್ನು, ಘಟನೆಯ ದಿನ ಹೇಗಿದ್ದ ಅನ್ನುವುದನ್ನಲ್ಲ.

ಉತ್ತರ: ಸರಿಯಾಗಿ ಹೇಳಿದಿರಿ ಮೇಡಂ. ಇನ್ನೊಂದು: ಗಲ್ಲು ಬಂದರೆ ಹೈಕೋರ್ಟ್ ಮೇಲ್ಮನವಿಗೆ ಬರೀ 30 ದಿನ. ದೃಢೀಕರಣಕ್ಕೆ ಕಡತ ಹೇಗೂ ಹೋಗುತ್ತದೆ ಅಂತ ಸುಮ್ಮನಿರಬೇಡಿ, ಅಪೀಲನ್ನೂ ಹಾಕಿಸಿ. ತೀರ್ಪಿನ ಪ್ರತಿ ಆರೋಪಿಯ ಕೈಗೇ ಉಚಿತವಾಗಿ ಸಿಗಬೇಕು, ಅವನಿಗೆ ಓದಲು ಬಾರದಿದ್ದರೆ ಜೈಲಿಗೆ ಹೋಗಿ ಓದಿ ಹೇಳಿ.