ಅಪ್‌ಡೇಟ್: ಮುತ್ತಜ್ಜನ ಹೆಸರು ದಾಖಲೆಲಿ ಸಿಕ್ತು
ವಿರಾಜಪೇಟೆ ಕಡೆಯ ನಮ್ಮ ಮುತ್ತಜ್ಜನ ದಾಖಲೆ ಎಲ್ಲಿ ಹುಡುಕೋದು ಅಂತ ಕೇಳಿದ್ನಲ್ಲ, ಸಿಕ್ತು! ಜನನ ಮರಣ ರಿಜಿಸ್ಟರ್‌ನಲ್ಲಿ ಏನೂ ಇರಲಿಲ್ಲ, ಶಾಲೆ ದಾಖಲಾತಿ ಪುಸ್ತಕನೂ ಗೆದ್ದಲು ಪಾಲಾಗಿದೆ. ಜಮ್ಮಾ ಜಾಗದ (ಕೊಡಗಲ್ಲಿ ವಂಶಪಾರಂಪರ್ಯವಾಗಿ ಬರೋ ಜಮೀನು) ಪಟ್ಟೆದಾರರ, ಅಂದ್ರೆ ದಾಖಲೆಲಿ ಯಾರ ಹೆಸರಲ್ಲಿ ಜಮೀನು ಇದೆಯೋ ಆ ಕುಟುಂಬದ ಹಿರಿಯರ ಹೆಸರು ಹಿಡ್ಕೊಂಡು ಹಿಂದಕ್ಕೆ ಹೋಗಿ ಅಂದ್ರಲ್ಲ ಒಬ್ರು, ಅದೇ ಕೆಲಸಕ್ಕೆ ಬಂದಿದ್ದು, ತುಂಬಾ ಥ್ಯಾಂಕ್ಸ್. ಆರ್‌ಟಿಸಿಲಿರೋ (ಪಹಣಿ) ಸರ್ವೆ ನಂಬರ್ ಕೊಟ್ಟು ತಾಲೂಕು ಆಫೀಸ್ ರೆಕಾರ್ಡ್ ರೂಮಿಂದ ಹಳೇ ಜಮೀನು ದಾಖಲೆ ನಕಲು ತೆಗೆಸಿದೆ, ಮಾಸಿದ ಶಾಯಿಲಿ ಮುತ್ತಜ್ಜನ ಹೆಸರು, ಕೆಳಗೇ ಅವರ ತಮ್ಮಂದು, ನೋಡಿ ಕಣ್ಣು ತುಂಬಿ ಬಂತು. ಆಶ್ಚರ್ಯ ಏನಂದ್ರೆ ಮುತ್ತಜ್ಜನ ಹೆಸರಿನೋರು ಇಬ್ರು! ಮೊಮ್ಮಗನಿಗೆ ಅಜ್ಜನ ಹೆಸರೇ ಇಟ್ಟಿದ್ದಾರೆ, ಅದಕ್ಕೇ ವರ್ಷಗಳು ತಾಳೆ ಆಗ್ತಿರಲಿಲ್ಲ, ಐನ್‌ಮನೇಲಿ (ಕುಟುಂಬದ ಮೂಲ ಮನೆ) ಚಿಕ್ಕಜ್ಜ ಕೂತು ಬಿಡಿಸಿ ಹೇಳಿದ್ರು. ಮುಂದೆ ಹುಡುಕೋರಿಗೆ ಒಂದು ಮಾತು, 1956ರವರೆಗೆ ಕೊಡಗು ಬೇರೇನೇ ರಾಜ್ಯ, ಹಂಗಾಗಿ ಮೈಸೂರಿನ ಹಳೇ ಕಂದಾಯ ದಾಖಲೆಲಿ ಹುಡುಕೋಕೆ ಹೋಗ್ಬೇಡಿ, ಮೊದಲು ಕೊಡಗಲ್ಲೇ ವಿಚಾರಿಸಿ.