ಅಪ್‌ಡೇಟ್: ಬೋರ್‌ವೆಲ್ ನೀರಿನಿಂದ ಗಟ್ಟಿಯಾದ ಎರೆ ಹೊಲ

ಕಾರಟಗಿ ಹತ್ತಿರದ ನಮ್ಮ ಎರೆ ಹೊಲದಲ್ಲಿ ಬೋರ್‌ವೆಲ್ ನೀರು ಇಂಗುತ್ತಿಲ್ಲ, ಮೆಣಸಿನ ಗಿಡ ಹಳದಿಯಾಗುತ್ತಿದೆ ಎಂದು ಕೇಳಿದ್ದೆ. ಈಗ ಕಾರಣ ಸಿಕ್ಕಿದೆ.

ಯೂರಿಯಾ ಹೆಚ್ಚಿಸಿದ್ದರಿಂದ ಏನೂ ಆಗಲಿಲ್ಲ. ದಿನ ಬಿಟ್ಟು ದಿನ ನೀರು ಕೊಟ್ಟಿದ್ದಂತೂ ಕೆಡುಕನ್ನೇ ಹೆಚ್ಚಿಸಿತು. ಸಲಿಕೆ ಹಾಕಿದರೆ ಮೇಲ್ಮಣ್ಣು ಹಂಚಿನಂತೆ ಏಳುತ್ತಿತ್ತು, ಕೆಳಗೆ ಪುಡಿ ಒಣ ಮಣ್ಣು.

"ಮೊದಲು ನೀರು ಪರೀಕ್ಷೆ ಮಾಡಿಸಿ" ಎಂದು ಆಗ ಉತ್ತರಿಸಿದ್ದ ಸಿಂಧನೂರಿನ ಅಣ್ಣನವರ ಮಾತೇ ಕೈಹಿಡಿಯಿತು. ನನಗೆ ಅಚ್ಚರಿ ತಂದದ್ದು ಇದು: ನಮ್ಮ ನೀರು ಉಪ್ಪಲ್ಲ, ಬಾಯಿಗೆ ಸಿಹಿ. ಆದರೆ ಉಳಿಕೆ ಸೋಡಿಯಂ ಕಾರ್ಬೊನೇಟ್ (ನೀರಿನ ಸುಣ್ಣ, ಮೆಗ್ನೀಷಿಯಂ ಅಂಶಕ್ಕಿಂತ ಹೆಚ್ಚಾಗಿ ಉಳಿಯುವ ಕಾರ್ಬೊನೇಟ್, ಬೈಕಾರ್ಬೊನೇಟ್) ಲೀಟರಿಗೆ 4.6 ಮಿಲಿ ಈಕ್ವಿವಲೆಂಟ್, 2.5 ದಾಟಿದರೆ ಸಾಮಾನ್ಯವಾಗಿ ನೀರಾವರಿಗೆ ಯೋಗ್ಯವಲ್ಲ. ಅದು ಮಣ್ಣಿನ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ, ಆ ಜಾಗಕ್ಕೆ ಸೋಡಿಯಂ ಸೇರಿ ಜೇಡಿ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ.

ಗಿಡ ಸತ್ತ ನಾಲ್ಕು ಮಡಿಗಳಿಗೆ ಮಣ್ಣಿನ ವರದಿಯಲ್ಲಿದ್ದ ಪ್ರಮಾಣದಲ್ಲಿ ಜಿಪ್ಸಂ (ಸೋಡಿಯಂ ಜಾಗಕ್ಕೆ ಸುಣ್ಣದಂಶ ಕೊಡುವ ಖನಿಜ) ಬೆರೆಸಿ, ಬಸಿಗಾಲುವೆ ತೆಗೆದು, ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಮಡಿಗಳಲ್ಲಿ ನಿಲ್ಲುವಂತೆ ಹಾಯಿಸಿದೆ. ಮೊದಲು ಎರಡು ದಿನ ನಿಲ್ಲುತ್ತಿದ್ದ ನೀರು ಮೊನ್ನೆ ಸಂಜೆಯೊಳಗೆ ಇಂಗಿತು. ಬಸಿಗಾಲುವೆ ಇಲ್ಲದೆ ಜಿಪ್ಸಂ ಹಾಕಬೇಡಿ. ಬಿಡುಗಡೆಯಾದ ಸೋಡಿಯಂ ಹೊರಹೋಗಲು ದಾರಿ ಬೇಕೇ ಬೇಕು. ಉಳಿದ ಮೆಣಸಿನ ಇಳುವರಿ ಈ ಬಾರಿ ಕಡಿಮೆಯೇ.