ಪದ ಬೇಕಿದೆ: ಭೂಕಂಪದ ಬೋರ್ಡಿಗೆ ಮ್ಯಾಗ್ನಿಟ್ಯೂಡ್, ಇಂಟೆನ್ಸಿಟಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಭೂಕಂಪದ ಬೋರ್ಡು ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಪತ್ರಿಕೆಗಳಲ್ಲಿ ಮ್ಯಾಗ್ನಿಟ್ಯೂಡ್, ಇಂಟೆನ್ಸಿಟಿ ಎರಡಕ್ಕೂ ‘ತೀವ್ರತೆ’ ಅಂತಲೇ ಬರುತ್ತದೆ. ನನ್ನ ಬೋರ್ಡಿನಲ್ಲಿ ಎರಡೂ ಅಕ್ಕಪಕ್ಕ ಇವೆ. ಏನು ಹಾಕಲಿ?

> ಎರಡಕ್ಕೂ ‘ತೀವ್ರತೆ’

ದಯವಿಟ್ಟು ಬೇಡ. ಮ್ಯಾಗ್ನಿಟ್ಯೂಡಿಗೆ ‘ಪರಿಮಾಣ’, ಇಂಟೆನ್ಸಿಟಿಗೆ ‘ತೀವ್ರತೆ’. ಪರಿಮಾಣ ಅಂದರೆ ಭೂಕಂಪ ಎಷ್ಟು ದೊಡ್ಡದು ಅನ್ನೋದು, ಒಂದು ಭೂಕಂಪಕ್ಕೆ ಒಂದೇ. 1993ರ ಸೆಪ್ಟೆಂಬರ್ 30ರ, ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದ್ದು 6.2. ಗೌರಿಬಿದನೂರಿನ ಭೂಕಂಪಮಾಪನ ಕೇಂದ್ರದ ದಾಖಲೆಯಿಂದ ಲೆಕ್ಕ ಹಾಕಿದರೂ, ಜಪಾನಿನಲ್ಲಿ ಕೂತು ಹಾಕಿದರೂ ಹೆಚ್ಚುಕಮ್ಮಿ ಅದೇ ಅಂಕಿ ಬರಬೇಕು. ದೂರ ಎಷ್ಟು ಅನ್ನೋದು ಆ ಲೆಕ್ಕದಲ್ಲೇ ಸೇರಿರುತ್ತದೆ. ತೀವ್ರತೆ ಹಾಗಲ್ಲ, ಆಯಾ ಜಾಗದಲ್ಲಿ ನಡುಕ, ಹಾನಿ ಎಷ್ಟು ಅನ್ನೋದು, ಊರಿಂದ ಊರಿಗೆ ಬೇರೆ. ಕಿಲ್ಲಾರಿಯಲ್ಲಿ ಮಣ್ಣು ಮೆತ್ತಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಮಲಗಿದ್ದವರ ಮೇಲೆ ಕುಸಿದವು. ದೂರದ ಊರಿನಲ್ಲಿ ಪಾತ್ರೆ ಅಲುಗಿದ್ದರೆ ಅಲ್ಲಿನ ತೀವ್ರತೆ ಅಷ್ಟೇ. ಅದನ್ನು ಒಂದರಿಂದ ಹನ್ನೆರಡರವರೆಗಿನ ರೋಮನ್ ಅಂಕಿಯಲ್ಲಿ ಬರೆಯುವುದು ರೂಢಿ, ಬೋರ್ಡಿನಲ್ಲೂ ಹಾಗೇ ಮಾಡಿ, ಗೊಂದಲ ತಪ್ಪುತ್ತದೆ. ಪರಿಮಾಣ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು ಅಂತಲೂ ಸೇರಿಸಿ. 6ಕ್ಕೂ 7ಕ್ಕೂ ಚೂರೇ ವ್ಯತ್ಯಾಸ ಅಂದುಕೊಂಡವರೇ ಜಾಸ್ತಿ.

> ‘ಪರಿಮಾಣ’, ‘ತೀವ್ರತೆ’

ಭೂಕಂಪವೂ ಸೇರಿ ಮೂರರಲ್ಲಿ ಒಂದಾದರೂ ಕನ್ನಡದ್ದಾ? ಹಳಗನ್ನಡದಲ್ಲಿ ‘ಅದಿರ್’ ಇದೆ, ನಡುಗು ಅಂತ. ತುಟಿ ಅದುರಿತು ಅನ್ನುತ್ತೇವಲ್ಲ, ಅದೇ ಬೇರು. ‘ಅದಿರಳತೆ’, ‘ಅದಿರುಬಿರುಸು’ ಅನ್ನಿ. ಮನೆಯಲ್ಲೇ ಇರುವಾಗ ಸಂಸ್ಕೃತದಿಂದ ಸಾಲ ಯಾಕೆ?

> ‘ಅದಿರಳತೆ’

ಒಪ್ಪುವುದಿಲ್ಲ. ಭೂವಿಜ್ಞಾನದ ಬೋರ್ಡಿನಲ್ಲಿ ಅದಿರು ಅಂದರೆ ಬಳ್ಳಾರಿಯ ಕಬ್ಬಿಣದ ಅದಿರು. ಓದಿದ ಹುಡುಗರು ಟನ್ನುಗಳ ಲೆಕ್ಕ ಅಂದುಕೊಳ್ಳುತ್ತಾರೆ.

> ಬಳ್ಳಾರಿಯ ಕಬ್ಬಿಣದ ಅದಿರು

ಎರಡು ಅರ್ಥ ಇರುವ ಪದ ಬೇಡ ಅಂದರೆ ‘ಪರಿಮಾಣ’ವನ್ನೂ ಬಿಡಿ. ಭೌತಶಾಸ್ತ್ರದ ಪುಸ್ತಕದಲ್ಲಿ ಕ್ವಾಂಟಿಟಿಗೂ ಅದೇ ಇದೆ. ಸಂಸ್ಕೃತಕ್ಕೆ ಮಾತ್ರ ರಿಯಾಯಿತಿಯೇ?

> ಸಂಸ್ಕೃತಕ್ಕೆ ಮಾತ್ರ ರಿಯಾಯಿತಿಯೇ?

ಪ್ರಿಂಟಿನವರು ಕಾಯುತ್ತಿದ್ದಾರೆ. ‘ಪರಿಮಾಣ’, ‘ತೀವ್ರತೆ’ ಹಾಕುತ್ತಿದ್ದೇನೆ. ಹೆಸರಿನ ಕೆಳಗೆ ‘ನೆಲನಡುಕ’ ಅಂತಲೂ ಇರುತ್ತದೆ. 6.2ರ ಮುಂದೆ ‘ರಿಕ್ಟರ್ ಮಾಪಕದಲ್ಲಿ’ ಅಂತ ಬೇಕಾ?

> ‘ರಿಕ್ಟರ್ ಮಾಪಕದಲ್ಲಿ’

ಬೇಡ. ರಿಕ್ಟರ್ 1935ರಲ್ಲಿ ಮಾಡಿದ ಮಾಪಕ ಬೇರೆ. ಈ 6.2 ಮೊಮೆಂಟ್ ಪರಿಮಾಣ, ಅಂದರೆ ನೆಲದೊಳಗೆ ಬಂಡೆ ಎಷ್ಟು ಅಗಲಕ್ಕೆ, ಎಷ್ಟು ದೂರ ಜಾರಿತು ಅನ್ನೋದರ ಮೇಲೆ ನಿಂತ ಲೆಕ್ಕ. ‘ಪರಿಮಾಣ 6.2’ ಅಂದರೆ ಸಾಕು.